ಪದವಿ ಬಂತು, ಗೆರೆ ಎಲ್ಲಿ ಹೋಯಿತು?

ಕನಕಪುರದಿಂದ ಸಂಗಮದ ಕಡೆ ಹೋಗುವ ದಾರಿಯಲ್ಲಿ ಸಿಗುವ ದೊಡ್ಡಆಲಹಳ್ಳಿ ಅಂದರೆ ಬಹುಪಾಲು ಜನಕ್ಕೆ ಥಟ್ಟನೆ ನೆನಪಾಗುವುದು ರಾಜಕಾರಣ, ಡಿ.ಕೆ. ಶಿವಕುಮಾರ್ ಅವರ ಹುಟ್ಟೂರು ಅದು. ಚಿತ್ರಕಲೆಯ ಮಾತು ಬಂದಾಗ ಆ ಊರನ್ನು ಯಾರೂ ನೆನೆಯುವುದಿಲ್ಲ. ಆದರೂ ಕರ್ನಾಟಕದ ವಿಶ್ವವಿದ್ಯಾಲಯಗಳು ನಾಲ್ಕು ದಶಕಗಳಿಂದ ಚಿತ್ರಕಲೆ ಕಲಿಸುತ್ತ ಬಂದಿರುವ ರೀತಿಯನ್ನು ಅಳೆಯಬೇಕೆಂದರೆ, ಬೆಂಗಳೂರಿನ ಗ್ಯಾಲರಿಯಲ್ಲಿ ನಿಂತು ಅಳೆಯುವುದಕ್ಕಿಂತ ಇಂಥ ಊರಿನ ಕಡೆಯಿಂದ ಅಳೆಯುವುದು ಮೇಲು. ಈ ಪದ್ಧತಿ ತನ್ನನ್ನು ಸಮರ್ಥಿಸಿಕೊಳ್ಳುವುದೇ ಇಂಥ ಊರುಗಳ ಹೆಸರಿನಲ್ಲಿ. ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆಯ ಹುಡುಗನೋ ಹುಡುಗಿಯೋ ಯಾರ ಮುಲಾಜೂ ಇಲ್ಲದೆ ಅರ್ಜಿ ಹಾಕಿ, ನಾಲ್ಕು ವರ್ಷ ಓದಿ, ಪದವಿ ಹಿಡಿದು ಕಲಾವಿದರಾಗಿ ಹೊರಬರಬಹುದು ಅನ್ನುವುದು ಅದರ ಹೆಗ್ಗಳಿಕೆ.

ಅದು ಸುಳ್ಳಲ್ಲ. ಹಿಂದೆ ಹೇಗಿತ್ತು ನೋಡಿ. ಕೆ. ವೆಂಕಟಪ್ಪನವರು ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಕೈಕೆಳಗೆ ಕಲಿತರು. ಹುಟ್ಟೂ ಒದಗಿಬಂದಿತ್ತು, ದೊರೆಯೂ ಒದಗಿಬಂದಿದ್ದರು. ಎರಡೂ ಇಲ್ಲದವರ ಪಾಲಿಗೆ ಇದ್ದದ್ದು ನಾಟಕದ ಪರದೆ, ಅಂಗಡಿಯ ಬೋರ್ಡು, ಅದೃಷ್ಟವಿದ್ದರೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರ ಕೆಲಸ. ಎ.ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ತೆರೆದ ಕಲಾಮಂದಿರ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಶಾಲೆ, ಗದಗದಲ್ಲಿ ಟಿ.ಪಿ. ಅಕ್ಕಿಯವರ ಶಾಲೆ ಇವೆಲ್ಲ ಒಬ್ಬೊಬ್ಬ ಮೇಷ್ಟ್ರು ತಮ್ಮ ಜೀವ ತೇಯ್ದು ನಡೆಸಿದವು. ಅಲ್ಲಿ ಕಲಿತವರು ಸರ್ಕಾರದ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಪಾಸು ಮಾಡಿ ಮೇಷ್ಟ್ರಾಗುತ್ತಿದ್ದರು. ಅವರ ಸಂಬಳ, ಮರ್ಯಾದೆ ಎರಡೂ ಸ್ಟಾಫ್ ರೂಮಿನಲ್ಲಿ ಪಿಟಿ ಮೇಷ್ಟ್ರ ಪಕ್ಕದ ಕುರ್ಚಿಯಲ್ಲೇ ಇರುತ್ತಿದ್ದವು. ಚಿತ್ರ ಬಿಡಿಸುವವರೂ ಬಿ.ಎ., ಬಿ.ಎಸ್ಸಿ.ಯವರ ಸಾಲಿನಲ್ಲಿ ಕೂರುವಂತೆ ಮಾಡಿದ್ದು ವಿಶ್ವವಿದ್ಯಾಲಯ. ಕುಲಕಸುಬಿನ ಮನೆಗಳಾಚೆಯ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಕುಂಚ ಹಿಡಿದದ್ದು ಆಮೇಲೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಾಲೇಜುಗಳನ್ನು ಬೈಯುವುದು ಹೊಟ್ಟೆ ತುಂಬಿದವರ ಮಾತಾಗುತ್ತದೆ.

ಆದರೆ ಪದವಿಯ ಜತೆಗೆ ಬಂದದ್ದೇನು, ಅದಕ್ಕೆ ಜಾಗ ಮಾಡಿಕೊಡಲು ಹೊರಗೆ ಹೋದದ್ದೇನು ಅನ್ನುವುದು ಬೇರೆ ಲೆಕ್ಕ.

ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿಗೆ 1906ರಲ್ಲಿ ಅಡಿಗಲ್ಲು ಬಿದ್ದಾಗ ಅದರ ಗುರಿ ಕುಶಲಕರ್ಮಿಗಳನ್ನು ತಯಾರು ಮಾಡುವುದಾಗಿತ್ತು. ಮರಗೆಲಸ, ಲೋಹದ ಕೆಲಸದವರ ಪಕ್ಕದಲ್ಲೇ ಚಿತ್ರ ಕಲಿಯುವವರೂ ಇದ್ದರು. ಮದ್ರಾಸು, ಬೊಂಬಾಯಿ, ಕಲ್ಕತ್ತೆಗಳಲ್ಲಿ ಇಂಗ್ಲಿಷರು 1850ರ ದಶಕದಲ್ಲಿ ಕಟ್ಟಿದ ಕಲಾಶಾಲೆಗಳ ಅಚ್ಚು ಅದು. ನೋಡಿ, ಅಳೆದು, ತಪ್ಪಿಲ್ಲದೆ ಬರೆಯುವುದು ಅಲ್ಲಿನ ಪಾಠ. 1980ರ ದಶಕದ ಆರಂಭದಲ್ಲಿ ಅದೇ ಕಟ್ಟಡದಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಎಲ್ಲರ ಬಾಯಲ್ಲಿ ‘ಕಾವಾ’, ಹುಟ್ಟಿ ಮೈಸೂರು ವಿಶ್ವವಿದ್ಯಾಲಯದ ಪದವಿ ಕೊಡತೊಡಗಿತು. ಸರಿಸುಮಾರು ಅದೇ ಕಾಲಕ್ಕೆ, ಎಂ.ಎಸ್. ನಂಜುಂಡರಾಯರು 1960ರಲ್ಲಿ ಕಟ್ಟಿದ ಚಿತ್ರಕಲಾ ಪರಿಷತ್ತೂ ಕಾಲೇಜು ತೆರೆದು ಬೆಂಗಳೂರು ವಿಶ್ವವಿದ್ಯಾಲಯದ ಅಡಿಗೆ ಬಂತು. ದಾವಣಗೆರೆಯಲ್ಲಿ 1964ರಲ್ಲಿ ಶುರುವಾದ ಕಲಾಶಾಲೆ ಕೈಯಿಂದ ಕೈಗೆ ದಾಟಿ ಈಗ ಅಲ್ಲಿನ ವಿಶ್ವವಿದ್ಯಾಲಯದ ದೃಶ್ಯಕಲಾ ಕಾಲೇಜಾಗಿದೆ.

ಕಾವಾದ ರೂಪುರೇಷೆ ಹಾಕಿಕೊಟ್ಟವರು ರಷ್ಯಾ ಮೂಲದ ಚಿತ್ರಕಾರ ಸ್ವೆಟೋಸ್ಲಾವ್ ರೋರಿಕ್. ಅವರು ಹೆಂಡತಿ, ಚಿತ್ರನಟಿ ದೇವಿಕಾರಾಣಿಯವರ ಜತೆ ಬಾಳಿದ್ದು ಇದೇ ಕನಕಪುರ ರಸ್ತೆಯ ತಾತಗುಣಿಯಲ್ಲಿ, 450 ಎಕರೆಗೂ ಮಿಕ್ಕಿದ ತೋಟದಲ್ಲಿ. ಪಾರ್ಲಿಮೆಂಟಿನಲ್ಲಿ ತೂಗುಹಾಕಿರುವ ನೆಹರೂ ಭಾವಚಿತ್ರ ಬಿಡಿಸಿದ ಕೈ ಅದು. ಪರಿಷತ್ತಿಗೆ ತಮ್ಮ ಮತ್ತು ತಂದೆ ನಿಕೊಲಾಯ್ ಅವರ ಚಿತ್ರಗಳನ್ನು ಕೊಟ್ಟರು. ಹೀಗೆ ನಮ್ಮ ಎರಡೂ ಮುಖ್ಯ ಕಲಾ ಕಾಲೇಜುಗಳ ಮೇಲೆ ದೊಡ್ಡಆಲಹಳ್ಳಿಯ ಬಸ್ಸು ದಿನಾ ಹಾದುಹೋಗುವ ರಸ್ತೆಯ ಒಬ್ಬ ನಿವಾಸಿಯ ನೆರಳಿದೆ. ರೋರಿಕ್ 1993ರಲ್ಲಿ ತೀರಿಕೊಂಡರು, ಮರುವರ್ಷ ದೇವಿಕಾರಾಣಿ. ತೋಟ ವ್ಯಾಜ್ಯಕ್ಕೆ ಸಿಕ್ಕಿತು. 1996ರಲ್ಲಿ ಸರ್ಕಾರ ಕಾಯ್ದೆ ಮಾಡಿ ವಶಕ್ಕೆ ತೆಗೆದುಕೊಂಡದ್ದನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯುವ ಹೊತ್ತಿಗೆ 2011 ಆಗಿತ್ತು. ಚಿತ್ರ ಕಲಿಯುವವರಿಗೆ ಬೆಳಕು, ಮರ, ಕೆರೆ, ಮೌನ ಎಲ್ಲ ಒಂದೇ ಬೇಲಿಯೊಳಗೆ ಸಿಗಬಹುದಾಗಿದ್ದ ಜಾಗ ಅಷ್ಟು ವರ್ಷ ಕಡತದಲ್ಲಿ ಮಲಗಿತ್ತು. ರೋರಿಕ್ ಅವರ ಚಿತ್ರಗಳ ಬಗ್ಗೆ ನನಗೆ ಅಷ್ಟೇನೂ ಮೋಹವಿಲ್ಲ. ಆ ಗಾಢ ಬಣ್ಣಗಳಲ್ಲಿ ನಮ್ಮ ಮಣ್ಣಿಗಿಂತ ಹಿಮಾಲಯದ ಕನಸೇ ಹೆಚ್ಚು. ಆದರೆ ಕಲಾಶಾಲೆಯೊಂದನ್ನು ಕಲಾವಿದನೇ ಕಲ್ಪಿಸಿಕೊಳ್ಳಬೇಕು, ಗುಮಾಸ್ತನಲ್ಲ ಅನ್ನುವ ತಿಳಿವಳಿಕೆ ಆ ಕಾಲದ ಸರ್ಕಾರಕ್ಕಿತ್ತು. ಅದು ಈಗ ಅಪರೂಪ.

ಪರಿಷತ್ತಿನ ವಿಷಯಕ್ಕೆ ಬಂದರೆ, ನಂಜುಂಡರಾಯರು ಮಾಡಿದ ಕೆಲಸ ಸಣ್ಣದಲ್ಲ. ಕಾಲೇಜು ಕಟ್ಟುವುದರ ಜತೆಗೆ ಅವರು ಊರೂರು ಅಲೆದು ತೊಗಲುಗೊಂಬೆ ಕೂಡಿಸಿದರು, ಮೈಸೂರು ಸಾಂಪ್ರದಾಯಿಕ ಚಿತ್ರಗಳನ್ನು ಹುಡುಕಿ ತಂದರು. ಗುಜರಿಗೆ ಹೋಗಬೇಕಾಗಿದ್ದ ಎಷ್ಟೋ ಗೊಂಬೆಗಳು ಕುಮಾರಕೃಪಾ ರಸ್ತೆಯ ಪರಿಷತ್ತಿನ ಗಾಜಿನ ಹಿಂದೆ ಉಳಿದಿರುವುದು ಅವರಿಂದ. ನನ್ನ ತಕರಾರು ಶುರುವಾಗುವುದೇ ಅಲ್ಲಿ. ಗೊಂಬೆ ಮ್ಯೂಸಿಯಮ್ಮಿಗೆ ಬಂತು, ಪಕ್ಕದ ತರಗತಿಗೆ ಬರಲಿಲ್ಲ. ಬಂದರೂ ‘ಜಾನಪದ ಮೋಟಿಫ್’ ಆಗಿ ಬಂತು: ಅಗಲ ಕಣ್ಣು, ಬಳ್ಳಿ, ಗಿಳಿ, ಅಂಚಿನಲ್ಲಿ ಚುಕ್ಕಿ ಸಾಲು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಬಂದ ಎಷ್ಟೋ ಕ್ಯಾನ್ವಾಸುಗಳು ಈ ಒಡವೆ ತೊಟ್ಟು ನಿಂತವು. ಇವತ್ತು ನೋಡಿದರೆ ಹೋಟೆಲ್ ಲಾಬಿಗೆ ಬರೆಸಿದ ಹಾಗೆ ಕಾಣುತ್ತವೆ.

ತೊಗಲುಗೊಂಬೆಯಲ್ಲಿ ಕಲಿಯಬೇಕಾಗಿದ್ದದ್ದು ಬೇರೆ. ನಮ್ಮ ಕಡೆಯ ಎಷ್ಟೋ ಗೊಂಬೆಗಳಲ್ಲಿ ಒಂದೇ ತೊಗಲಿನೊಳಗೆ ರಾಜ, ರಥ, ಕುದುರೆ, ಮೇಲೊಂದು ಮರ ಎಲ್ಲ ಕೂತಿರುತ್ತವೆ. ಕೈಕಾಲು ಬೇರೆ ಬೇರೆ ಆಡುವುದಿಲ್ಲ, ಇಡೀ ದೃಶ್ಯವೇ ಒಂದು ಗೊಂಬೆ. ತೊಗಲು ಹರಿಯದಂತೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿರಬೇಕು. ಕುದುರೆಯ ಕಾಲು ರಥದ ಚಕ್ರಕ್ಕೆ ತಾಗಬೇಕು, ಮರದ ಕೊಂಬೆ ಛತ್ರಿಗೆ ಆನಿಕೊಳ್ಳಬೇಕು. ಎಲ್ಲಿ ಉಳಿಯಿಂದ ತೂತು ಬಿದ್ದಿದೆಯೋ ಅಲ್ಲಿ ಬೆಳಕಿನ ಗೆರೆ, ಎಲ್ಲಿ ತೊಗಲು ಉಳಿದಿದೆಯೋ ಅಲ್ಲಿ ಬಣ್ಣ. ಅಂದರೆ ಕಾಂಪೋಸಿಷನ್ ತರಗತಿಯಲ್ಲಿ ಎರಡು ವರ್ಷ ಹೇಳಿದರೂ ತಲೆಗೆ ಹೋಗದ ಸಂಗತಿ, ಆಕಾರದಷ್ಟೇ ಆಕಾರಗಳ ನಡುವಿನ ಖಾಲಿಯೂ ಮುಖ್ಯ ಅನ್ನುವುದು, ಅಲ್ಲಿ ಕೈಗೆ ಸಿಗುವ ಹಾಗಿದೆ. ಅದನ್ನು ಸಿಲಬಸ್ಸಿನ ‘ಭಾರತೀಯ ಜಾನಪದ ಕಲೆ’ ಪತ್ರಿಕೆಯಲ್ಲಿ ಐದು ಅಂಕದ ಟಿಪ್ಪಣಿಯಾಗಿ ಓದಿಸುವುದು ಅನ್ಯಾಯ. ಮೈಸೂರು ಶೈಲಿಯ ಚಿತ್ರಗಾರರು ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡಿಕೊಂಡು ಮೊದಲ ಗೆರೆ ಹಾಕುತ್ತಿದ್ದರು. ನಮ್ಮ ಮೊದಲ ವರ್ಷದ ವಿದ್ಯಾರ್ಥಿ ಚಾರ್‌ಕೋಲ್ ಕಡ್ಡಿಗೆ ಅಂಗಡಿಯಲ್ಲಿ ದುಡ್ಡು ತೆತ್ತು, ಒಂದು ಮುರಿದರೆ ಅಯ್ಯೋ ಅನ್ನುತ್ತಾನೆ.

ಕೈಯಿಂದ ಕಲಿಯುವ ಇಂಥದೇ ಪಾಠಕ್ಕೆ ಮರದ ಆಟಿಕೆಗಳ ಊರು ಚನ್ನಪಟ್ಟಣ ಹತ್ತಿರವೇ ಇದೆ. ಚಿತ್ರಕಲೆಯವರು ಆ ಊರನ್ನು ‘ಕ್ರಾಫ್ಟ್’ ಅಂತ ಬದಿಗೆ ತಳ್ಳುತ್ತಾರೆ. ಹೋಗಿ ಮರ ಕಡೆಯುವ ಯಂತ್ರದ ಮುಂದೆ ನಿಲ್ಲಬೇಕು. ಆಲೆ ಮರದ ತುಂಡು ಗಿರಗಿರ ತಿರುಗುತ್ತಿರುತ್ತದೆ. ಕೆಲಸದವನು ಅರಗಿನ ಬಣ್ಣದ ಕಡ್ಡಿಯನ್ನು ಅದಕ್ಕೆ ಒತ್ತುತ್ತಾನೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕುಂಚವಿಲ್ಲ, ಎಣ್ಣೆಯಿಲ್ಲ. ಬಣ್ಣ ಎಷ್ಟು ದಪ್ಪ, ಎಷ್ಟು ತೆಳು, ಹಳದಿ ಎಲ್ಲಿ ಮುಗಿದು ಕೆಂಪು ಎಲ್ಲಿ ಶುರುವಾಗಬೇಕು ಅನ್ನುವುದೆಲ್ಲ ಹೆಬ್ಬೆರಳಿನ ಒತ್ತಿಗೆ ಬಿಟ್ಟದ್ದು. ಆಮೇಲೆ ಒಣಗಿದ ತಾಳೆಗರಿ ಹಿಡಿದು ತಿಕ್ಕಿದರೆ ಹೊಳಪು ಏಳುತ್ತದೆ. ಬಣ್ಣ ಅಂದರೆ ಮೇಲೆ ಹಚ್ಚುವ ಪದರವಲ್ಲ, ಒತ್ತಡ, ವೇಗ, ಬಿಸಿ ಸೇರಿ ಆಗುವ ಘಟನೆ ಅನ್ನುವುದನ್ನು ಇಷ್ಟು ನೇರವಾಗಿ ತೋರಿಸುವ ಜಾಗ ನಾನು ಬೇರೆ ಕಂಡಿಲ್ಲ.

ಕುಶಲಕರ್ಮಿಗಳಿಂದ ಕಲಿಯಬೇಕು ಅನ್ನುವುದೇನು ಹೊಸ ಹಂಬಲವಲ್ಲ. ಬರೋಡಾದಲ್ಲಿ 1950ರಲ್ಲಿ ಲಲಿತಕಲಾ ವಿಭಾಗ ತೆರೆದು, ದೇಶದಲ್ಲಿ ಮೊದಲಿಗೆ ಚಿತ್ರಕಲೆಗೆ ವಿಶ್ವವಿದ್ಯಾಲಯದ ಪದವಿ ಕೊಟ್ಟರು. ಅಲ್ಲಿ ಕೆ.ಜಿ. ಸುಬ್ರಮಣ್ಯನ್ ಮೇಷ್ಟ್ರಾಗಿದ್ದುಕೊಂಡೇ ವಿಭಾಗದ ಜಾತ್ರೆಗೆ ಮರದ ಆಟಿಕೆ ಮಾಡಿದರು, ಸುಟ್ಟ ಮಣ್ಣಿನ ದೊಡ್ಡ ಭಿತ್ತಿ ಕಟ್ಟಿದರು. ಕುಂಬಾರನಿಂದ, ಆಟಿಕೆಯವನಿಂದ ಅವರು ತೆಗೆದುಕೊಂಡದ್ದು ವಿನ್ಯಾಸವನ್ನಲ್ಲ, ವಸ್ತುವಿನ ಜತೆ ಮಾತಾಡುವ ಕ್ರಮವನ್ನು. ಅದಕ್ಕೂ ಮೊದಲು ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ ಬಸು ಅವರದೂ ಇದೇ ದಾರಿ. 1938ರ ಹರಿಪುರ ಕಾಂಗ್ರೆಸ್ಸಿಗೆ ಅವರು ಬರೆದ ಫಲಕಗಳಲ್ಲಿ ಡೋಲು ಬಡಿಯುವವನು, ಬಡಗಿ, ಅಡುಗೆಯವಳು ಇದ್ದರು. ನಮ್ಮ ಕಾಲೇಜುಗಳನ್ನು ಕಟ್ಟಿದವರಿಗೆ ಈ ಎರಡೂ ಗೊತ್ತಿದ್ದವು. ಬರೋಡಾದಿಂದ ನಾವು ತಂದದ್ದು ಶೈಲಿ, ಶಾಂತಿನಿಕೇತನದಿಂದ ತಂದದ್ದು ಭಕ್ತಿ, ಬೊಂಬಾಯಿಯ ಜೆ.ಜೆ. ಶಾಲೆಯಿಂದ ತಂದದ್ದು ಪ್ರಶ್ನೆಪತ್ರಿಕೆ. ಮೂರನ್ನೂ ಒಂದೇ ಟೈಮ್‌ಟೇಬಲ್ಲಿಗೆ ತುರುಕಿದೆವು. ಸೋಮವಾರ ಹೆಡ್ ಸ್ಟಡಿ, ಮಂಗಳವಾರ ಸ್ಟಿಲ್ ಲೈಫ್, ಬುಧವಾರ ಕ್ರಿಯೇಟಿವ್ ಕಾಂಪೋಸಿಷನ್. ಬುಧವಾರ ಒಂಬತ್ತೂವರೆಗೆ ಸೃಜನಶೀಲರಾಗಬೇಕು.

ಹಾಗಿದ್ದರೆ ಒಳ್ಳೆಯ ಕಲಾವಿದರು ಬಂದದ್ದು ಹೇಗೆ? ಬಂದಿದ್ದಾರೆ, ಬೇಕಾದಷ್ಟು. ಎನ್.ಎಸ್. ಹರ್ಷ ಕಾವಾದಲ್ಲಿ ಪದವಿ ಮುಗಿಸಿ ಬರೋಡಾಕ್ಕೆ ಹೋಗಿ, ಮತ್ತೆ ಮೈಸೂರಿಗೇ ಬಂದು ನೆಲೆಸಿದವರು. ಪಂಕ್ತಿಯಲ್ಲಿ ಕೂತು ಉಣ್ಣುವ, ಸಾಲಾಗಿ ಮಲಗುವ ಜನರ ಅವರ ಚಿತ್ರಗಳಲ್ಲಿ ನೂರಾರು ಪುಟ್ಟ ಆಕೃತಿಗಳು. ಒಂದು ಇನ್ನೊಂದರ ಹಾಗಿಲ್ಲ. ಅದು ಮೈಸೂರಿನ ಬೀದಿಯಲ್ಲಿ, ಮದುವೆ ಮನೆಯಲ್ಲಿ ಪಳಗಿದ ಕಣ್ಣು, ರೇಖೆಯ ಮೇಲೆ ಹಿಡಿತವಿರುವ ಕೈ. ರವಿಕುಮಾರ್ ಕಾಶಿ ಪರಿಷತ್ತಿನಲ್ಲಿ ಕಲಿತು ಬರೋಡಾಕ್ಕೆ ಹೋದವರು. ಚಿತ್ರದ ಜತೆ ಕನ್ನಡದಲ್ಲಿ ಕಲೆಯ ಬಗ್ಗೆ ಬರೆಯುತ್ತಲೂ ಬಂದಿದ್ದಾರೆ. ಗಮನಿಸಬೇಕಾದದ್ದು ಎರಡನೇ ಮೆಟ್ಟಿಲನ್ನು. ಪದವಿ ಇಲ್ಲಿ, ಸ್ನಾತಕೋತ್ತರ ಹೊರಗೆ ಅನ್ನುವುದು ತೊಂಬತ್ತರ ದಶಕದ ಗಟ್ಟಿ ವಿದ್ಯಾರ್ಥಿಗಳ ಮಾಮೂಲಿ ದಾರಿಯಾಗಿತ್ತು. ನಮ್ಮ ಕಾಲೇಜುಗಳು ಒಳ್ಳೆಯ ಸಸಿಮಡಿಗಳಾದವು, ತೋಟವಾಗಲಿಲ್ಲ.

ಇನ್ನೊಂದು ದಾರಿ ವಿಶ್ವವಿದ್ಯಾಲಯದ ಹೊರಗಿತ್ತು. ಬೆಂಗಳೂರಿನ ಶೇಷಾದ್ರಿಪುರದ ಕೆನ್ ಕಲಾಶಾಲೆಯನ್ನು ಆರ್.ಎಂ. ಹಡಪದ್ ಅರವತ್ತರ ದಶಕದ ಕೊನೆಯಲ್ಲಿ ಶುರು ಮಾಡಿದರು. ಶಾಲೆಯ ಬಡತನ ಹೆಸರಾಗಿತ್ತು, ಮೇಷ್ಟ್ರ ಹಟವೂ. ಅಲ್ಲಿ ಕಲಿತವರ ಹೆಸರು ತೆಗೆದುಕೊಂಡರೆ ಯಾವ ವಿಶ್ವವಿದ್ಯಾಲಯವೂ ಹೊಟ್ಟೆಕಿಚ್ಚು ಪಡಬೇಕು: ಬಾದಾಮಿಯ ಜನರನ್ನು ಬಣ್ಣದಲ್ಲಿ ತಂದ ಜೆ.ಎಂ.ಎಸ್. ಮಣಿ, ಪತ್ರಿಕೆಗಳ ಪುಟಗಳಲ್ಲಿ ಒಂದು ತಲೆಮಾರಿನ ಓದುಗರಿಗೆ ರೇಖಾಚಿತ್ರದ ರುಚಿ ಹತ್ತಿಸಿದ ಚಂದ್ರನಾಥ ಆಚಾರ್ಯ, ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. ಶೀಲಾ ಅವರು ಕೆನ್ ಮುಗಿಸಿ ಶಾಂತಿನಿಕೇತನಕ್ಕೆ ಹೋಗಿ, ಅಷ್ಟರಲ್ಲಿ ಬರೋಡಾದಿಂದ ಅಲ್ಲಿಗೆ ಬಂದಿದ್ದ ಸುಬ್ರಮಣ್ಯನ್ ಅವರ ಬಳಿ ಕಲಿತು, ಲಂಡನ್ನಿನ ರಾಯಲ್ ಕಾಲೇಜಿನಲ್ಲೂ ಓದಿ ಬಂದು, ತೊಂಬತ್ತರ ದಶಕದ ಆರಂಭದಲ್ಲಿ ಎಣ್ಣೆಬಣ್ಣ ಬಿಟ್ಟು ಸಗಣಿ ಕೈಗೆತ್ತಿಕೊಂಡರು. ಅದನ್ನು ಕೆಲವರು ಗಿಮಿಕ್ ಅಂದರು. ಆದರೆ ಬೆರಣಿ ತಟ್ಟುವ ಹೆಂಗಸಿನ ಅಂಗೈಗೂ ಕ್ಯಾನ್ವಾಸಿಗೂ ನಡುವೆ ಇದ್ದ ಗೋಡೆಯನ್ನು ಅವರು ಕೆಡವಿದ್ದು ಹತ್ತು ಸೆಮಿನಾರುಗಳಿಂದ ಆಗದ ಕೆಲಸ. ಮೂವರೂ ಮೂರು ದಿಕ್ಕು, ಒಬ್ಬರ ಕೆಲಸ ಇನ್ನೊಬ್ಬರ ಹಾಗಿಲ್ಲ. ಒಬ್ಬರೂ ಮೇಷ್ಟ್ರ ನಕಲೂ ಅಲ್ಲ. ಒಂದು ಶಾಲೆಯನ್ನು ಮೆಚ್ಚಲು ನನಗೆ ಇಷ್ಟು ಸಾಕು. ಕೆನ್ನಿನಲ್ಲಿ ಎಲ್ಲವೂ ಸರಿಯಿತ್ತು ಅಂತಲ್ಲ. ಒಬ್ಬ ಮನುಷ್ಯನ ಮೇಲೆ ನಿಂತ ಶಾಲೆ ಆ ಮನುಷ್ಯನ ಉಸಿರಿನಷ್ಟೇ ಗಟ್ಟಿ. ಸಂಸ್ಥೆ ಬೇಕಾದದ್ದೇ ಆ ಕಾರಣಕ್ಕೆ. ಆದರೆ ಸಂಸ್ಥೆ ಆ ಮನುಷ್ಯನ ಅಭ್ಯಾಸಗಳನ್ನು ಉಳಿಸಿಕೊಳ್ಳಬೇಕಿತ್ತು. ಉಳಿಸಿಕೊಂಡದ್ದು ಹಾಜರಿ ಪುಸ್ತಕವನ್ನು.

ಆ ಅಭ್ಯಾಸಗಳಲ್ಲಿ ಮೊದಲನೆಯದು ದಿನಾ ಗೆರೆ ಹಾಕುವುದು. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ನೋಡಿದವರಿಗೆ ಗೊತ್ತು, ಆ ಮಂಜು, ಆ ನೀಲಗಿರಿಯ ಇಳಿಜಾರು ಗಂಟೆಗಟ್ಟಲೆ ನೋಡದೆ ಬಂದದ್ದಲ್ಲ. ಕೆ.ಕೆ. ಹೆಬ್ಬಾರರು ಕುಣಿತ ನೋಡುತ್ತಲೇ ಕಾಗದದ ಮೇಲೆ ಓಡಿಸುತ್ತಿದ್ದ ರೇಖೆಯೂ ಹಾಗೆಯೇ. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಈ ನೋಟಕ್ಕೆ ವ್ಯವಧಾನವಿಲ್ಲ. ನಾಲ್ಕು ತಿಂಗಳೊಳಗೆ ಸಬ್ಮಿಷನ್, ಡಿಸ್ಪ್ಲೇ, ವೈವಾ ಎಲ್ಲ ಮುಗಿಯಬೇಕು. ಸ್ಕೆಚ್‌ಬುಕ್ಕಿಗೂ ಅಂಕ ಇಟ್ಟಾಗಿನಿಂದ ಅದು ಜೇಬಿನ ಪುಸ್ತಕವಾಗಿ ಉಳಿಯದೆ ಹೋಮ್‌ವರ್ಕ್ ಆಯಿತು. ಪರೀಕ್ಷೆಯ ಹಿಂದಿನ ವಾರ ಮೊಬೈಲಿನಲ್ಲಿ ತೆಗೆದ ಕೆ.ಆರ್. ಮಾರ್ಕೆಟ್ಟಿನ ಫೋಟೊಗಳನ್ನು ನೋಡಿಕೊಂಡು ಒಂದೇ ರಾತ್ರಿ ಪುಸ್ತಕ ತುಂಬಿಸುವ ಜಾಣತನ ಯಾರಿಗೆ ಗೊತ್ತಿಲ್ಲ? ಫೋಟೊ ನೋಡಿ ಬರೆದ ಗೆರೆ ದೂರದಿಂದಲೇ ಗೊತ್ತಾಗುತ್ತದೆ. ಅದು ಎಲ್ಲೂ ತಡವರಿಸುವುದಿಲ್ಲ, ಎಲ್ಲೂ ಎರಡನೇ ಸಲ ನೋಡುವುದಿಲ್ಲ, ಮೂಟೆ ಹೊತ್ತವನ ಭಾರ ಯಾವ ಕಾಲಿನ ಮೇಲಿದೆ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ.

ದೊಡ್ಡಆಲಹಳ್ಳಿ ಕಡೆಯ ವಿದ್ಯಾರ್ಥಿಗೆ ಸಿಗಬಹುದಾದ ಒಂದು ಪಾಠ ಹೇಳುತ್ತೇನೆ. ರೇಷ್ಮೆ ಮನೆಗಳಲ್ಲಿ ಹುಳು ಗೂಡು ಕಟ್ಟಲು ಬಿಡುವ ಚಂದ್ರಿಕೆ ಇರುತ್ತದಲ್ಲ, ಬಿದಿರಿನ ತಟ್ಟಿಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುತ್ತು ಸುತ್ತಾಗಿ ನಿಲ್ಲಿಸಿ ಕಟ್ಟಿದ್ದು. ಅದನ್ನು ಗೋಡೆಗೆ ಓರೆಯಾಗಿ ಒರಗಿಸಿದಾಗ ಆ ಸುತ್ತುಗಳು ಹತ್ತಿರದಲ್ಲಿ ಬಿಡಿಬಿಡಿಯಾಗಿ, ದೂರದಲ್ಲಿ ಒತ್ತೊತ್ತಾಗಿ ಕಾಣುತ್ತವೆ. ಒಂದೊಂದು ಪಟ್ಟಿಗೂ ಒಂದು ಮೈ, ಒಂದು ನೆರಳು. ನಡುನಡುವೆ ಬಿಳಿ, ಹಳದಿ ಗೂಡು. ಪರ್ಸ್‌ಪೆಕ್ಟಿವ್, ಲಯ, ಬೆಳಕು ಮೂರೂ ಒಂದೇ ವಸ್ತುವಿನಲ್ಲಿ. ಇದನ್ನು ಎಂಟು ದಿನ ಕೂತು ಬರೆದವನಿಗೆ ಸ್ಟಿಲ್ ಲೈಫಿನ ತಾಮ್ರದ ಚೊಂಬು, ಹಿಂದೆ ಮಡಿಕೆ ಬಿಟ್ಟ ಪರದೆ ಸಲೀಸು. ಆದರೆ ಅವನು ಕಾಲೇಜಿಗೆ ಬಂದ ದಿನವೇ ತಿಳಿದುಕೊಳ್ಳುವುದು ಚೊಂಬು, ಪರದೆ, ಪ್ಲಾಸ್ಟರಿನ ಗ್ರೀಕ್ ತಲೆ ಇವೇ ‘ಸ್ಟಡಿ’, ಮನೆಯಲ್ಲಿದ್ದದ್ದು ಅಲ್ಲ ಅಂತ. ಮೂರನೇ ವರ್ಷದಲ್ಲಿ ಮೇಷ್ಟ್ರು ‘ನಿನ್ನ ಬೇರು ಎಲ್ಲಿ?’ ಅಂತ ಕೇಳುತ್ತಾರೆ. ಆಗ ಅವನು ಗೂಗಲ್ ಮಾಡಿ ವರ್ಲಿ ಬಿಡಿಸುತ್ತಾನೆ.

ಭಾಷೆಯದೂ ಒಂದು ಮಾತು ಇದೆ. ಶಿವರಾಮ ಕಾರಂತರಂಥವರು ಭಾರತೀಯ ಚಿತ್ರಕಲೆಯ ಬಗ್ಗೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದರೂ ನಮ್ಮ ಕಲಾ ಇತಿಹಾಸದ ತರಗತಿ ಇವತ್ತಿಗೂ ಬಹುಮಟ್ಟಿಗೆ ಇಂಗ್ಲಿಷ್ ನೋಟ್ಸಿನ ಮೇಲೆ ನಡೆಯುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ತಮ್ಮ ಚಿತ್ರದ ಮುಂದೆ ನಿಂತು ವೈವಾದಲ್ಲಿ ಮಾತಾಡಬೇಕಾದಾಗ ‘ಸ್ಪೇಸ್’, ‘ಐಡೆಂಟಿಟಿ’, ‘ನೆರೇಟಿವ್’ ಅನ್ನುವ ಮೂರು ಮಾತಿಗೆ ನಿಲ್ಲುತ್ತಾರೆ. ಚಿತ್ರದಲ್ಲಿ ಅದಕ್ಕಿಂತ ಹೆಚ್ಚು ಇರುತ್ತದೆ. ಹೇಳಲು ಬಾರದ್ದಕ್ಕೆ ಅಂಕ ಹೋಗುತ್ತದೆ, ಕ್ರಮೇಣ ಚಿತ್ರವೇ ಆ ಮೂರು ಮಾತಿಗೆ ತಕ್ಕಂತೆ ಬದಲಾಗುತ್ತದೆ.

ಇನ್ನು ಕಲಿಸುವವರು. ಹಳೆಯ ಶಾಲೆಗಳ ಬಲವೆಲ್ಲ ಇದ್ದದ್ದು ಮೇಷ್ಟ್ರು ವಿದ್ಯಾರ್ಥಿಗಳ ಕಣ್ಣೆದುರೇ ಬರೆಯುತ್ತಿದ್ದರು ಅನ್ನುವುದರಲ್ಲಿ. ಬರೋಡಾದಲ್ಲಿ ಎನ್.ಎಸ್. ಬೇಂದ್ರೆ ಮಾಡಿದ್ದು ಅದನ್ನೇ, ಕೆನ್ನಿನಲ್ಲಿ ಹಡಪದ್ ಮಾಡಿದ್ದೂ ಅದನ್ನೇ. ಒಂದು ಗೆರೆ ತಪ್ಪಾದಾಗ ಮೇಷ್ಟ್ರು ಏನು ಮಾಡುತ್ತಾರೆ, ಅಳಿಸುತ್ತಾರೋ ಅದರ ಮೇಲೇ ಇನ್ನೊಂದು ಹಾಕುತ್ತಾರೋ ಅನ್ನುವುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಈಗ ಪ್ರಾಧ್ಯಾಪಕರಾಗಲು ನೆಟ್ ಬೇಕು, ಪಿಎಚ್.ಡಿ. ಇದ್ದರೆ ಮೇಲು, ಬಡ್ತಿಗೆ ಪ್ರಬಂಧಗಳ ಪಟ್ಟಿ ಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗ ದೃಶ್ಯಕಲೆಗೆ ಬೇರೊಂದು ಬಾಗಿಲು ತೆರೆದೇ ಇಟ್ಟಿದೆ. ಅದರ 2018ರ ನಿಯಮಾವಳಿಯಲ್ಲೂ ವೃತ್ತಿಯಲ್ಲಿ ಸಾಧನೆ ಮಾಡಿದ ಕಲಾವಿದರನ್ನು, ಅದರದೇ ಷರತ್ತುಗಳೊಂದಿಗೆ, ಬೋಧಕರಾಗಿ ತೆಗೆದುಕೊಳ್ಳಲು ಅವಕಾಶವಿದೆ. ಆ ಬಾಗಿಲಿನಿಂದ ಯಾರನ್ನಾದರೂ ಒಳಗೆ ಕರೆಯಬೇಕಾದರೆ ಅವರ ಚಿತ್ರ ನೋಡಿ ತೀರ್ಮಾನ ಹೇಳುವ ಧೈರ್ಯ ಆಯ್ಕೆ ಸಮಿತಿಗೆ ಬೇಕು. ಅಂಕಪಟ್ಟಿ ನೋಡಿ ಹೇಳುವುದು ಸುಲಭ, ಕೋರ್ಟಿಗೆ ಹೋದರೂ ನಿಲ್ಲುತ್ತದೆ.

ಕಾಯಂ ಹುದ್ದೆಯ ಮಾತು ಹಾಗಿರಲಿ. ನಮ್ಮ ವಿಶ್ವವಿದ್ಯಾಲಯಗಳ ಪಾಠದ ದೊಡ್ಡ ಪಾಲು ಹೊತ್ತಿರುವವರು ಅತಿಥಿ ಉಪನ್ಯಾಸಕರು, ಚಿತ್ರಕಲೆಯಲ್ಲೂ. ಗಂಟೆ ಲೆಕ್ಕದ ಸಂಭಾವನೆ, ಅದೂ ತಿಂಗಳುಗಟ್ಟಲೆ ತಡ. ಅವರಲ್ಲಿ ಒಳ್ಳೆಯ ಕಲಾವಿದರಿದ್ದಾರೆ. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಸಂಜೆ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಕ್ರೇಯಾನ್ ಕ್ಲಾಸು, ಭಾನುವಾರ ಯಾರದೋ ಮನೆಯ ಗೋಡೆಗೆ ಮ್ಯೂರಲ್. ಅವರಿಗೆ ಕಾಲೇಜಿನಲ್ಲಿ ಒಂದು ಈಸೆಲ್ ನಿಲ್ಲಿಸಿಕೊಳ್ಳುವಷ್ಟು ಮೂಲೆಯನ್ನೂ ಕೊಟ್ಟಿರುವುದಿಲ್ಲ. ಸೆಮಿಸ್ಟರಿನ ಕೊನೆಗೆ ವಿದ್ಯಾರ್ಥಿಯ ಹತ್ತು ಕ್ಯಾನ್ವಾಸನ್ನು ಮೇಷ್ಟ್ರು ನೋಡಿರುತ್ತಾರೆ. ಮೇಷ್ಟ್ರ ಒಂದು ಕ್ಯಾನ್ವಾಸನ್ನೂ ವಿದ್ಯಾರ್ಥಿ ನೋಡಿರುವುದಿಲ್ಲ. ಆ ಮೂಲೆ ಒದಗಿಸಲು ಹೊಸ ಶಿಕ್ಷಣ ನೀತಿಯೇನೂ ಬೇಕಾಗಿಲ್ಲ. ಒಬ್ಬ ಪ್ರಿನ್ಸಿಪಾಲರು ಸ್ಟೋರ್ ರೂಮಿನ ಬೀಗ ತೆಗೆಸಿ, ಮುರಿದ ಡೆಸ್ಕುಗಳನ್ನು ಹೊರಗೆ ಹಾಕಿಸಿದರೆ ಆಯಿತು.